ತೊನ್ನು ಇದ್ದವರಿಗೆ ಈ ಹತ್ತು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ವಿಶ್ವ ತೊನ್ನು ದಿನದ (ಜೂನ್ 25) ನಿಮ್ಮ ಲೇಖನದಲ್ಲಿ ಮುಲಾಮು, ಬೆಳಕಿನ ಚಿಕಿತ್ಸೆ, ಚರ್ಮದ ಕಸಿ ಎಲ್ಲವೂ ಇತ್ತು. ಕಲೆ ಇರುವವರು ದಿನ ಹೇಗೆ ದೂಡುತ್ತಾರೆ ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಹದಿಹರೆಯದಿಂದ ತೊನ್ನು ಇರುವವಳು ನಾನು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವಳು. ಅದಕ್ಕೇ ಇರಾನಿನ ಒಂದು ಕೆಲಸದ ಬಗ್ಗೆ ಹೇಳಬೇಕು ಅನಿಸಿತು.

ಚರ್ಮದ ಕಾಯಿಲೆ ಬದುಕನ್ನು ಎಷ್ಟು ತಟ್ಟಿದೆ ಎಂದು ಅಳೆಯಲು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್ಲೇ ಮತ್ತು ಖಾನ್ 1994ರಲ್ಲಿ ಹತ್ತು ಪ್ರಶ್ನೆಗಳ ಹಾಳೆಯೊಂದನ್ನು ರೂಪಿಸಿದರು. ಡಿಎಲ್‌ಕ್ಯುಐ ಎಂದು ಅದರ ಹೆಸರು. ಕಳೆದ ಒಂದು ವಾರದಲ್ಲಿ ತುರಿಕೆ, ನೋವು ಇತ್ತೇ? ಮುಜುಗರವಾಯಿತೇ? ಯಾವ ಬಟ್ಟೆ ಹಾಕಿಕೊಳ್ಳಬೇಕು ಎಂದು ಯೋಚಿಸಬೇಕಾಯಿತೇ? ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು 30. ಹತ್ತು ದಾಟಿತೆಂದರೆ ಪೆಟ್ಟು ಜೋರಾಗಿದೆ ಎಂದರ್ಥ.

ಇದರ ಪರ್ಶಿಯನ್ ರೂಪವನ್ನು ಇರಾನಿನ ಶಿರಾಜ್ ನಗರದಲ್ಲಿ ಸಂಶೋಧಕರು 70 ಮಂದಿ ತೊನ್ನು ರೋಗಿಗಳ ಮೇಲೆ ಪರೀಕ್ಷಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ನೆ ಭಾಷೆ ಬದಲಿಸಿದರೆ ಮುಗಿಯುವ ಕೆಲಸ ಅಲ್ಲ ಇದು. ಅನುವಾದ ಆದ ಮೇಲೆ, ಮೂಲ ನೋಡದ ಬೇರೆಯವರು ಅದನ್ನು ತಿರುಗಿ ಇಂಗ್ಲಿಷಿಗೆ ತಂದು ತಾಳೆ ನೋಡಬೇಕು. ಆಮೇಲೆ ರೋಗಿಗಳ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕಬೇಕು. ಆ ಹೊಂದಾಣಿಕೆಯ ಅಳತೆ ಶಿರಾಜ್‌ನಲ್ಲಿ 0.77 ಬಂತು. 0.7 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅಲ್ಲಿನವರ ಸರಾಸರಿ ಅಂಕ 7ರ ಆಸುಪಾಸು.

ತೊನ್ನು ಸಾಮಾನ್ಯವಾಗಿ ನೋಯುವುದಿಲ್ಲ, ತುರಿಸುವುದೂ ಕಡಿಮೆ. ಹಾಗಾದರೆ 7 ಎಲ್ಲಿಂದ ಬರುತ್ತದೆ? ಏಪ್ರಿಲ್ ಬಿಸಿಲಲ್ಲೂ ತುಂಬು ತೋಳಿನ ರವಿಕೆ ತೊಟ್ಟವಳಿಗೆ ಅದು ಗೊತ್ತು. ಮದುವೆಮನೆಯಲ್ಲಿ ನಾನು ಚಾಚಿದ ತಟ್ಟೆಯಿಂದ ಕುಂಕುಮ ತೆಗೆದುಕೊಳ್ಳದೆ ಮುಂದೆ ಹೋದವರಿದ್ದಾರೆ.

ಈ ಹಾಳೆಯಲ್ಲಿ ನನಗೆ ಒಪ್ಪಿಗೆಯಾಗದ ವಿಷಯವೂ ಒಂದಿದೆ. ‘ನನಗೆ ಸಂಬಂಧಿಸಿದ್ದಲ್ಲ’ ಎಂದು ಗುರುತು ಹಾಕಿದರೆ ಸೊನ್ನೆ ಕೊಡುತ್ತಾರೆ. ಕಲೆ ಕಾಣುತ್ತದೆಂದು ಆಟವನ್ನೇ ಬಿಟ್ಟ ಹುಡುಗಿ ಆಟದ ಪ್ರಶ್ನೆಗೆ ಅದೇ ಗುರುತು ಹಾಕುತ್ತಾಳೆ, ಅಲ್ವಾ? ಅವಳ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ವೈದ್ಯರು ಅಂಥ ಕಡೆ ‘ಯಾಕಮ್ಮಾ?’ ಎಂದು ಕೇಳಲೇಬೇಕು.

ನಮ್ಮ ಸರ್ಕಾರಿ ಆಸ್ಪತ್ರೆಗಳ ಚರ್ಮ ವಿಭಾಗಗಳಿಗೆ ನನ್ನ ಮನವಿ ಇಷ್ಟೇ. ಚೀಟಿ ಹಿಡಿದು ಕಾಯುವವರ ಕೈಗೆ ಕನ್ನಡದ ಇಂಥ ಹಾಳೆ ಕೊಡಿ. ಅದನ್ನು ಕಲಬುರಗಿಯವರಿಗೂ ಚಾಮರಾಜನಗರದವರಿಗೂ ಓದಿಸಿ, ಅರ್ಥವಾಯಿತೇ ಎಂದು ನೋಡಿ. ಓದು ಬಾರದವರಿಗೆ ನರ್ಸ್ ಓದಿ ಹೇಳಲಿ. ತುಂಬಲು ಕೆಲವೇ ನಿಮಿಷ ಸಾಕು. ಅಂಕ ಜಾಸ್ತಿ ಬಂದವರನ್ನು ಬರೀ ಮುಲಾಮು ಬರೆದುಕೊಟ್ಟು ಕಳಿಸಬೇಡಿ, ಆಪ್ತಸಮಾಲೋಚಕರ ಹತ್ತಿರವೂ ಕಳಿಸಿ.

– ನಿವೃತ್ತ ಉಪನ್ಯಾಸಕಿ, ಸರಸ್ವತಿಪುರಂ, ಮೈಸೂರು