ಅಂಗಡಿಯವನನ್ನು ಸಾಯಿಸಬೇಡ

ಪ್ರೀತಿಯ ಹುಡುಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಏಕವಚನದಲ್ಲೇ ಬರೆಯುತ್ತಿದ್ದೇನೆ, ನನ್ನ ವಯಸ್ಸಿಗೆ ಅಷ್ಟು ಸಲಿಗೆ ಇರಲಿ. ಕಾದಂಬರಿ ಖುಷಿ ಕೊಟ್ಟಿತು. ಅದರ ಜೊತೆಗಿದ್ದ ಪತ್ರ ಮಾತ್ರ ಸಿಟ್ಟು ತರಿಸಿತು. ‘ಪತ್ತೇದಾರಿ ಅಂತೀಯ, ಒಂದು ಕೊಲೆಯೂ ಇಲ್ಲವಲ್ಲ ಅಂತ ಎಲ್ಲರೂ ಕೇಳ್ತಿದ್ದಾರೆ, ಏಳನೇ ಅಧ್ಯಾಯದಲ್ಲಿ ರೇಷನ್ ಅಂಗಡಿಯವನನ್ನು ಸಾಯಿಸಿಬಿಡಲಾ’ ಅಂತ ಬರೆದಿದ್ದೀಯ. ಬೇಡ. ಅವನು ಪಾಪ ಬದುಕಿಕೊಂಡಿರಲಿ.

ಪ್ರಕಾಶಕರು ಯಾರು ಸಿಗುತ್ತಾರೆ, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದಕ್ಕೆ ನನಗಿಂತ ಚೆನ್ನಾಗಿ ಉತ್ತರ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಿನ್ನ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಾಲು. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ನಡೆಯುವ ಆ ‘ನಂಬರ್ ಒನ್ ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’ ಸರಣಿ ಓದಿಯೇ ಬರೆಯುವ ಆಸೆ ಹುಟ್ಟಿತು, ಆದರೆ ಅದು ‘ಲೈಟ್’ ಅಂತ ಎಲ್ಲರೂ ಅಂದಮೇಲೆ ಆಸೆ ಹೇಳಿಕೊಳ್ಳಲೂ ನಾಚಿಕೆ ಅಂತ ಬರೆದಿದ್ದೀಯ. ನಾಚಿಕೆ ಯಾಕೆ? ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ 1998ರಲ್ಲಿ ಶುರುಮಾಡಿದ ಆ ಸರಣಿ ಇಪ್ಪತ್ತು ಪುಸ್ತಕ ದಾಟಿದೆ. ಅಷ್ಟು ಜನ ಅಷ್ಟು ವರ್ಷ ಒಬ್ಬ ಹೆಂಗಸಿನ ಆಫೀಸಿಗೆ ಮತ್ತೆ ಮತ್ತೆ ಹೋಗಿ ಕೂರುತ್ತಾರೆ ಅಂದರೆ ಅಲ್ಲಿ ಏನೋ ಸಿಗುತ್ತಿದೆ. ಏನು ಸಿಗುತ್ತಿದೆ ಅಂತ ನೀನೇ ಯೋಚಿಸಬೇಕಿತ್ತು. ಅದನ್ನು ಬಿಟ್ಟು ಅಂಗಡಿಯವನ ಪ್ರಾಣಕ್ಕೆ ಕೈ ಹಾಕಿದ್ದೀಯ.

ಕೊಲೆ ಇರುವ ಕಥೆಯನ್ನು ನಾನು ಕೀಳಾಗಿ ನೋಡುತ್ತಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದಲೇ ಓದಿನ ಹುಚ್ಚು ಹತ್ತಿಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ನೀನು ಹೋಗಲು ಹೊರಟ ದಾರಿ ಅದಲ್ಲ.

ಮೆಕಾಲ್ ಸ್ಮಿತ್ ಸರಣಿಯ ಮೊದಲ ಪುಸ್ತಕ ತೆಗೆದು ಮತ್ತೆ ಓದು. ರಾಜಧಾನಿ ಗ್ಯಾಬೊರೋನ್‌ನ ಪಟೇಲರ ಪ್ರಕರಣ ನೆನಪಿದೆಯಾ? ಗುಜರಾತಿ ಹೆಸರಿನ ಶ್ರೀಮಂತ, ಒಂದು ಕಾಲು ಕೃತಕ. ಹದಿನಾರರ ಮಗಳು ಯಾರೋ ಹುಡುಗನ ಜೊತೆ ಓಡಾಡುತ್ತಿದ್ದಾಳೆ ಅಂತ ಅವರಿಗೆ ಅನುಮಾನ. ಹುಡುಗ ಯಾರು, ಕಂಡುಹಿಡಿಯಿರಿ ಅಂತ ಏಜೆನ್ಸಿ ನಡೆಸುವ ಮ್ಮಾ ರಮೋಟ್ಸ್ವೆ (‘ಮ್ಮಾ’ ಅಂದರೆ ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು) ಹತ್ತಿರ ಬರುತ್ತಾರೆ. ಆಕೆ ಹುಡುಗಿಯ ಹಿಂದೆ ಸುತ್ತುತ್ತಾಳೆ. ಕೊನೆಗೆ ಗೊತ್ತಾಗುವುದೇನು? ಹುಡುಗನೇ ಇಲ್ಲ. ಅಪ್ಪ ಉಸಿರಾಡಲು ಬಿಡುತ್ತಿಲ್ಲ ಅಂತ ಮಗಳೇ ಒಬ್ಬನನ್ನು ಹುಟ್ಟಿಸಿಕೊಂಡಿದ್ದಾಳೆ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕಥೆ ಮುಗಿಸುತ್ತಿದ್ದರು. ಓದುಗ ‘ಓಹೋ’ ಅಂದ, ಆಯಿತು. ಆದರೆ ಇಲ್ಲಿ ಮ್ಮಾ ರಮೋಟ್ಸ್ವೆಯ ನಿಜವಾದ ಕೆಲಸ ಈಗ ಶುರುವಾಗುತ್ತದೆ. ದುಡ್ಡು ಕೊಡುವ ಮನುಷ್ಯನ ಎದುರಿಗೆ ಕೂತು, ತಪ್ಪು ನಿಮ್ಮದು, ಮಗಳನ್ನು ಕಾಯುವುದು ನಿಲ್ಲಿಸಿ ಅಂತ ಹೇಳಬೇಕು. ಹೇಳುತ್ತಾಳೆ. ನನಗೆ ಗೊತ್ತಿರುವ ಎಷ್ಟೋ ಗಟ್ಟಿ ಪತ್ತೇದಾರರು ಬಂದೂಕು ಎತ್ತಿದ್ದಾರೆ, ಇದನ್ನು ಮಾಡಿದವರು ಕಡಿಮೆ.

ನಾನು ನಿನಗೆ ಹೇಳಬೇಕು ಅಂತಿರುವುದು ಇದೊಂದೇ. ಯಾರು ಮಾಡಿದರು ಅನ್ನುವುದು ಇಂಥ ಕಥೆಯಲ್ಲಿ ಅರ್ಧ ದಾರಿ. ಗೊತ್ತಾದ ಮೇಲೆ ಏನು ಮಾಡುವುದು, ಯಾರಿಗೆ ಹೇಳುವುದು, ಎಷ್ಟು ಹೇಳುವುದು, ಅಲ್ಲಿದೆ ಉಳಿದ ಅರ್ಧ. ಓದುಗರು ಪದೇ ಪದೇ ಬರುವುದು ಅದಕ್ಕೆ.

ಇನ್ನೊಂದು ನೋಡು. ಗಂಡ ನದಿಯಲ್ಲಿ ದೀಕ್ಷಾಸ್ನಾನಕ್ಕೆ ಇಳಿದವನು ಮೇಲೆ ಬರಲೇ ಇಲ್ಲ. ಬೇರೆ ಹೆಣ್ಣಿನ ಜೊತೆ ಓಡಿಹೋಗಿರಬಹುದು ಅಂತ ಹೆಂಡತಿಯ ಗುಮಾನಿ. ಮ್ಮಾ ರಮೋಟ್ಸ್ವೆ ನದಿ ದಂಡೆಯಲ್ಲಿ ಕಾದು ಮೊಸಳೆಯನ್ನು ಹೊಡೆದು, ಹೊಟ್ಟೆ ಸೀಳಿದರೆ ಒಳಗೆ ಗಂಡನ ಕೈಗಡಿಯಾರ. ಹೇಳಿದರೆ ಭೀಕರ. ಆದರೆ ಆ ಅಧ್ಯಾಯದಲ್ಲಿ ಮನಸ್ಸಿನಲ್ಲಿ ಉಳಿಯುವುದು ಮೊಸಳೆ ಅಲ್ಲ. ಗಂಡ ಸತ್ತ ಸುದ್ದಿ ಕೇಳಿದ ಆ ಹೆಂಗಸಿಗೆ ಒಂಥರಾ ಸಮಾಧಾನವಾಗುತ್ತದಲ್ಲ, ಇನ್ನೊಬ್ಬಳ ತೋಳಿನಲ್ಲಿರುವುದಕ್ಕಿಂತ ದೇವರ ಹತ್ತಿರ ಇರುವುದೇ ವಾಸಿ ಅಂತ, ಅದು ಉಳಿಯುತ್ತದೆ. ಅವಳನ್ನು ಲೇಖಕ ನಗೆಪಾಟಲು ಮಾಡಬಹುದಿತ್ತು. ಮಾಡಿಲ್ಲ. ಅವಳ ದುಃಖವನ್ನೂ ಅವಳ ಹೊಟ್ಟೆಕಿಚ್ಚನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ.

ಮೆಕಾಲ್ ಸ್ಮಿತ್ ಹುಟ್ಟಿದ್ದು ಈಗಿನ ಜಿಂಬಾಬ್ವೆಯ ಬುಲವಾಯೊದಲ್ಲಿ, 1948ರಲ್ಲಿ. ಎಡಿನ್‌ಬರೋದಲ್ಲಿ ಕಾನೂನಿನ ಪ್ರೊಫೆಸರ್ ಆಗಿದ್ದವರು. 80ರ ದಶಕದ ಶುರುವಿನಲ್ಲಿ ಬೋಟ್ಸ್‌ವಾನಾ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುವ ವ್ಯವಸ್ಥೆ ಕಟ್ಟಲು ಹೋಗಿದ್ದರು, ಆಮೇಲೆ ಆ ದೇಶದ ಅಪರಾಧ ಕಾನೂನಿನ ಬಗ್ಗೆಯೇ ಇನ್ನೊಬ್ಬರ ಜೊತೆ ಸೇರಿ ಪುಸ್ತಕ ಬರೆದರು. ಅಂಥ ಮನುಷ್ಯ ಪತ್ತೇದಾರಿ ಬರೆಯಲು ಕೂತಾಗ ಕೋರ್ಟು, ಜೈಲುಗಳನ್ನು ಆದಷ್ಟು ಬಾಗಿಲಾಚೆ ಇಟ್ಟರು. ಶಿಕ್ಷೆ ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂತ ಕಾನೂನು ಬಲ್ಲವರಿಗೇ ಜಾಸ್ತಿ ಗೊತ್ತಿರುತ್ತದೆ ಅಂತ ನನ್ನ ನಂಬಿಕೆ.

ಆಯಿತು, ‘ಲೈಟ್’ ಅನ್ನುವವರ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮ್ಮಾ ರಮೋಟ್ಸ್ವೆಯ ಹುಟ್ಟೂರು ಮೊಚುಡಿ. 1994ರಲ್ಲಿ ನಿಜವಾದ ಮೊಚುಡಿಯಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗಿಯ ಕೊಲೆ ಆಯಿತು. ಮಾಟದ ಮದ್ದಿಗಾಗಿ ಕೊಂದರು ಅಂತ ಊರು ಸಿಡಿದೆದ್ದಿತು, ಪ್ರತಿಭಟನೆ ಗ್ಯಾಬೊರೋನ್‌ವರೆಗೂ ಹಬ್ಬಿತು. ಮೊದಲ ಪುಸ್ತಕದಲ್ಲೂ ಮದ್ದಿಗಾಗಿ ಕದ್ದೊಯ್ದರು ಅಂತ ಮನೆಯವರು ಭಯಪಡುವ ಒಬ್ಬ ಹುಡುಗ ಇದ್ದಾನೆ. ಅವನು ಜೀವಂತ ಮನೆಗೆ ಬರುತ್ತಾನೆ. ಹೊರಗಿನಿಂದ ಬಂದ ಬಿಳಿಯ ಲೇಖಕ ಸಿಹಿ ಬೆರೆಸಿದ ಅಂತ ಯಾರಾದರೂ ಅಂದರೆ, ಆ ಮಾತನ್ನು ತಳ್ಳಿಹಾಕಬೇಡ, ಕೂತು ಕೇಳು. ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ ಯೂನಿಟಿ ಡೌ ಇಂಥದೇ ಕೊಲೆಯ ಬಗ್ಗೆ ಕಾದಂಬರಿ ಬರೆದಿದ್ದಾರೆ, ಅಲ್ಲಿ ಸಿಹಿ ಇಲ್ಲ. ಎರಡನ್ನೂ ಓದು. ಒಂದನ್ನು ಓದಿದವರು ಇನ್ನೊಂದನ್ನು ಬೈಯಬೇಕು ಅಂತೇನಿಲ್ಲ.

ಆದರೆ ಮೆದುವಾದ ಕಥೆ ಅಂದರೆ ನೋವು ಗೊತ್ತಿಲ್ಲದ ಕಥೆ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಯಾವತ್ತೂ ಒಪ್ಪಿಲ್ಲ. ಆ ಏಜೆನ್ಸಿಗೆ ಬಂಡವಾಳ ಎಲ್ಲಿಂದ ಬಂತು? ಅಪ್ಪ ಬಿಟ್ಟುಹೋದ ದನಗಳನ್ನು ಮಾರಿದ್ದರಿಂದ. ಅಪ್ಪ ಸತ್ತದ್ದು ಯಾಕೆ? ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ದುಡಿದು ಧೂಳು ಶ್ವಾಸಕೋಶಕ್ಕೆ ಇಳಿದಿದ್ದರಿಂದ. ಮ್ಮಾ ರಮೋಟ್ಸ್ವೆಯ ಮೊದಲ ಗಂಡ ಟ್ರಂಪೆಟ್ ನುಡಿಸುವವನು, ಹೊಡೆಯುವವನು. ಹುಟ್ಟಿದ ಕೂಸು ಉಳಿಯಲಿಲ್ಲ. ಆ ವರ್ಷಗಳಲ್ಲಿ ಬೋಟ್ಸ್‌ವಾನಾ ಎಚ್‌ಐವಿಯಿಂದ ಜಗತ್ತಿನಲ್ಲೇ ಅತಿ ಹೆಚ್ಚು ನರಳಿದ ದೇಶಗಳಲ್ಲಿ ಒಂದು. 2002ರಲ್ಲಿ ಸರ್ಕಾರವೇ ತನ್ನ ಪ್ರಜೆಗಳಿಗೆ ಉಚಿತವಾಗಿ ಔಷಧ ಕೊಡಲು ಶುರುಮಾಡಿತು. ಸರಣಿಯಲ್ಲಿ ಆ ರೋಗದ ಹೆಸರು ಬಾಯಿಬಿಟ್ಟು ಹೇಳುವುದು ಅಪರೂಪ, ಆದರೆ ಮ್ಮಾ ಪೊಟೊಕ್ವಾನೆಯ ಅನಾಥಾಲಯ ಪುಸ್ತಕದಿಂದ ಪುಸ್ತಕಕ್ಕೆ ಇದ್ದೇ ಇರುತ್ತದೆ, ಮಕ್ಕಳು ಬರುತ್ತಲೇ ಇರುತ್ತಾರೆ.

ಇಷ್ಟೆಲ್ಲ ಹಿಂದೆ ಇಟ್ಟುಕೊಂಡು ಮ್ಮಾ ರಮೋಟ್ಸ್ವೆ ಬುಷ್ ಟೀ, ಅಂದರೆ ಅಲ್ಲಿನ ಒಂದು ಗಿಡದ ಕೆಂಪು ಟೀ, ಕುದಿಸುತ್ತಾಳೆ. ಅದಕ್ಕೇ ಆ ಟೀ ರುಚಿ.

ಟೀ ಅಂದಾಗ ನನ್ನ ಹಳೆ ಸಿಟ್ಟು ಎದ್ದು ಬರುತ್ತದೆ. ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದಾಗ ಅಲ್ಲಿನ ಸಂಪಾದಕರು ನನ್ನ ಪಾತ್ರಗಳು ಕಾಫಿ ಕುಡಿಯುವ ಜಾಗಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ‘ಇಲ್ಲಿ ಏನೂ ಆಗ್ತಿಲ್ಲ.’ ಅಲ್ಲೇ ಆಗುತ್ತಿತ್ತು! ಒಬ್ಬಳು ಲೋಟ ಕೆಳಗಿಟ್ಟು ಹೇಳಬೇಕಾದ್ದನ್ನು ಹೇಳದೆ ಎದ್ದುಹೋಗುತ್ತಿದ್ದಳು, ಮುಂದಿನ ಮೂರು ಕಂತು ನಿಂತಿದ್ದೇ ಅದರ ಮೇಲೆ. ಅಚ್ಚಾದಾಗ ಅವಳು ಕಾರಣವೇ ಇಲ್ಲದೆ ಮನೆ ಬಿಟ್ಟುಹೋದ ಹಾಗಾಯಿತು. ಆ ಸಂಪಾದಕರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ನಿನಗೆ ‘ಕೊಲೆ ಸೇರಿಸು’ ಅನ್ನುವವರ ದನಿಯಲ್ಲಿ ನನಗೆ ಅವರೇ ಕೇಳಿಸುತ್ತಾರೆ.

ಏಜೆನ್ಸಿ ಶುರುವಾದಾಗ ಅಲ್ಲಿದ್ದ ಸಾಮಾನು ನೆನಪು ಮಾಡಿಕೋ. ಎರಡು ಮೇಜು, ಎರಡು ಕುರ್ಚಿ, ಒಂದು ಫೋನು, ಹಳೇ ಟೈಪ್‌ರೈಟರ್, ಟೀ ಪಾಟ್. ಮೂರು ಮಗ್ಗು: ತನಗೊಂದು, ಸೆಕ್ರೆಟರಿಗೊಂದು, ಬಂದವರಿಗೊಂದು. ಆ ಮೂರನೇ ಮಗ್ಗು ನೋಡಿದೆಯಾ? ಗಿರಾಕಿ ಬರುವ ಮೊದಲೇ ಅವರಿಗೆ ಜಾಗ ಮಾಡಿಟ್ಟಿದ್ದಾಳೆ. ಇಂಥದ್ದು ಒಂದು ಸಾಲಿನಲ್ಲಿ ಬರೆಯಲು ಬಂದರೆ ಕತ್ತಿ, ರಕ್ತ ಯಾವುದೂ ಬೇಕಾಗಿಲ್ಲ.

ಈಗ ನಿನ್ನ ಕಾದಂಬರಿ. ನಿನ್ನ ಅಂಗನವಾಡಿ ಟೀಚರಮ್ಮ ನನಗೆ ತುಂಬಾ ಇಷ್ಟವಾದರು. ರೇಷನ್ ಅಕ್ಕಿ ಕದಿಯುತ್ತಿರುವುದು ಅಂಗಡಿಯವನಲ್ಲ, ಅವನ ತಾಯಿ ಅಂತ ಅವರು ಪತ್ತೆ ಮಾಡುವ ರೀತಿ ಚೆನ್ನಾಗಿದೆ, ಮೂಟೆಯ ಹೊಲಿಗೆ ನೋಡಿ ಗುರುತು ಹಿಡಿಯುವುದಂತೂ ಭಾರಿ ಚೆನ್ನಾಗಿದೆ, ಆ ಕೈಹೊಲಿಗೆಯನ್ನು ನಾನೇ ಕಣ್ಣಾರೆ ನೋಡಿದ ಹಾಗಾಯಿತು. ಆದರೆ ಪತ್ತೆಯಾದ ಎರಡೇ ಪುಟಕ್ಕೆ ಕಾದಂಬರಿ ಮುಗಿಸಿ ಓಡಿಹೋಗಿದ್ದೀಯ. ನಿನ್ನ ಪುಸ್ತಕದ ತೊಂದರೆ ಅದೇ, ಕೊಲೆ ಇಲ್ಲದ್ದಲ್ಲ. ಮುದುಕಿಯ ಎದುರಿಗೆ ಟೀಚರಮ್ಮ ಕೂರಲೇ ಇಲ್ಲ. ಅಕ್ಕಿ ಎಲ್ಲಿಗೆ ಹೋಗುತ್ತಿತ್ತು ಅಂತ ಅವರು ಕೇಳಲೇ ಇಲ್ಲ. ಮಗನಿಗೆ ಹೇಳುತ್ತಾರಾ, ಊರಿಗೆ ಹೇಳುತ್ತಾರಾ? ಅಕ್ಕಿ ಸಿಗದೆ ಹೋದ ಮನೆಗಳ ಮಕ್ಕಳು ಅವರದೇ ಅಂಗನವಾಡಿಗೆ ಬರುತ್ತವಲ್ಲ, ಆ ಮಕ್ಕಳಿಗೆ ಏನು ಸಲ್ಲಬೇಕು?

ಇದನ್ನು ಬರೆಯುವುದು ಕಷ್ಟ. ನನಗೂ ಉತ್ತರ ಗೊತ್ತಿಲ್ಲ, ಅದಕ್ಕೇ ಓದುವ ಆಸೆ. ಏಳನೇ ಅಧ್ಯಾಯದಿಂದ ಮುಂದಕ್ಕೆ ಹೊಸದಾಗಿ ಬರೆದು ಕಳಿಸು, ಅವಸರ ಏನಿಲ್ಲ. ಮತ್ತೆ ಹಸ್ತಪ್ರತಿಯ ಜೊತೆ ಕ್ಷಮೆ ಕೇಳುವ ಪತ್ರ ಮಾತ್ರ ಇಡಬೇಡ.

ಪ್ರೀತಿಯಿಂದ,
ನಿನ್ನ ಹಿರಿಯ ಓದುಗ