ಜ್ವರ ಬಂದಾಗ ಯಾರೂ ಬಿರಿಯಾನಿ ಕೇಳಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಬಿಳಿಯರ ಊಟದ ಬಗ್ಗೆ ಬಂದ ಹಾಸ್ಯ ಬರಹ ಓದಿದೆ. ಉಪ್ಪಿಲ್ಲ, ಖಾರವಿಲ್ಲ, ಬರೀ ಆಸ್ಪತ್ರೆ ಊಟ ಅಂತ ಚೆನ್ನಾಗಿ ನಗಿಸಿದ್ದಾರೆ. ನಾನೂ ನಕ್ಕೆ. ಆಮೇಲೆ ಕಾಫಿ ಲೋಟ ತೊಳೆಯುವಾಗ ಯಾಕೋ ಬೇಜಾರಾಯಿತು. ಎರಡು ವರ್ಷದ ಹಿಂದೆ ನಾನೂ ಇದೇ ಮಾತು ಆಡುತ್ತಿದ್ದವಳು. ಅಷ್ಟರಲ್ಲಿ ನಮ್ಮ ಮಹಡಿ ಮನೆಗೆ ಆ ಗಂಡ ಹೆಂಡತಿ ಬಾಡಿಗೆಗೆ ಬಂದರು.

ನಮ್ಮದು ಮೈಸೂರಿನ ಗೋಕುಲಂ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಈ ಕಡೆ ಬಂದ ಮೇಲೆ, ಹೆಗಲಿಗೆ ಚಾಪೆ ಹಾಕಿಕೊಂಡು ಓಡಾಡುವ ಫಾರಿನ್‌ನವರನ್ನು ನಮ್ಮ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇವರೂ ಯೋಗ ಕಲಿಯಲು ಬಂದವರೇ. ಹುಡುಗ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯವನು. ಹುಡುಗಿ ಅಮೆರಿಕದ ಜಾರ್ಜಿಯಾದವಳು. ಇಬ್ಬರದೂ ಇಂಗ್ಲಿಷೇ, ಇಬ್ಬರ ಅಡುಗೆಯೂ ಒಂದೇ ಇರಬೇಕು ಅಂದುಕೊಂಡಿದ್ದೆ. ಮೊದಲನೇ ವಾರವೇ ಬಿಸ್ಕತ್ತಿಗೆ ಜಗಳ.

ಅವನಿಗೆ ಬಿಸ್ಕತ್ತು ಅಂದರೆ ನಮ್ಮ ಹಾಗೇ, ಟೀಗೆ ಅದ್ದಿ ತಿನ್ನುವುದು. ಅವಳಿಗೆ ಅದು ಮೈದಾ, ಬೆಣ್ಣೆ, ಮಜ್ಜಿಗೆ, ಬೇಕಿಂಗ್ ಪೌಡರ್ ಕಲಸಿ ಬೇಯಿಸಿದ ಮೆತ್ತನೆಯ ಬನ್ನಿನಂಥದ್ದು. ಅದರ ಮೇಲೆ ಹಾಲು, ಮೈದಾ ಕುದಿಸಿದ ಬಿಳಿ ಗ್ರೇವಿ. ಅವರೂರಲ್ಲಿ ಅದಕ್ಕೆ ಮಾಂಸ ಹಾಕುತ್ತಾರಂತೆ, ನಮ್ಮ ಮನೆಯಲ್ಲಿ ಬರೀ ಕಾಳುಮೆಣಸು. ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದಾಗ ಅವನ ಮುಖ ನೋಡಬೇಕಿತ್ತು! ಚಿಪ್ಸ್ ಕಥೆಯೂ ಅಷ್ಟೇ. ಅವನಿಗೆ ಬೆರಳುದ್ದದ ಬಿಸಿ ಆಲೂಗಡ್ಡೆ, ಅವಳಿಗೆ ಪೊಟ್ಟಣದ ಗರಿಗರಿ. ನನಗೆ ಇದು ಹೊಸದೇನಲ್ಲ. ನಾನು ಪಾಂಡವಪುರದವಳು, ನಮ್ಮ ಯಜಮಾನರು ಗದಗದ ಕಡೆಯವರು. ಹೊಸದರಲ್ಲಿ ಅತ್ತೆ ‘ಚುರುಮುರಿ ತಗೊಂಡ್ ಬಾರವ್ವಾ’ ಅಂದರು. ನಾನು ಈರುಳ್ಳಿ, ಕ್ಯಾರೆಟ್ ತುರಿ, ಖಾರ ಎಲ್ಲ ಕಲಸಿ ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಅವರಿಗೆ ಬೇಕಿದ್ದದ್ದು ಎರಡು ಸೇರು ಬರೀ ಪುರಿ.

ಹೋದ ಮಳೆಗಾಲದಲ್ಲಿ ಹುಡುಗನಿಗೆ ಜ್ವರ ಬಂತು. ನಾಲ್ಕು ದಿನ ಏನೂ ಸೇರಲಿಲ್ಲ. ನಾನು ತಿಳಿಸಾರು ಕಳಿಸಿದೆ, ಹಾಗೇ ವಾಪಸ್ ಬಂತು. ಅವನು ಕೇಳಿದ್ದು ಒಂದೇ. ಟೋಸ್ಟ್ ಮೇಲೆ ಬೀನ್ಸ್. ಅದು ಡಬ್ಬಿಯಲ್ಲಿ ಬರುವ ಕಾಳು, ಟೊಮ್ಯಾಟೊ ರಸದಲ್ಲಿ ಬೆಂದಿರುತ್ತದೆ. ಅವಳು ಮಳೆಯಲ್ಲೇ ನಾಲ್ಕು ಅಂಗಡಿ ಸುತ್ತಿ ಬರಿಗೈಲಿ ಬಂದು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಳು. ಅವತ್ತು ಬೆಳಿಗ್ಗೆ ದೇವರಾಜ ಮಾರ್ಕೆಟ್‌ನಿಂದ ತಂದ ಬೀನ್ಸ್ ಕಾಳು ನನ್ನ ಹತ್ತಿರ ಇತ್ತು. ಡಬ್ಬಿಯಲ್ಲಿರುವುದೂ ಒಣಗಿಸಿದ ಬೀನ್ಸ್ ಕಾಳೇ, ಗಾತ್ರ ಚಿಕ್ಕದು ಅಷ್ಟೇ. ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿದೆ. ಟೊಮ್ಯಾಟೊ ಬೇಯಿಸಿ, ಕಿವುಚಿ, ಸೋಸಿ ಹಾಕಿದೆ. ಚೂರು ಬೆಲ್ಲ, ಉಪ್ಪು. ಆಮೇಲೆ ನನ್ನ ಕೈ ಸುಮ್ನೆ ಸಾಸಿವೆ ಡಬ್ಬಿ ಕಡೆ ಹೋಯಿತು. ಅವಳು ತಕ್ಷಣ ಮಣಿಕಟ್ಟು ಹಿಡಿದು ‘ಬೇಡ ಆಂಟಿ, ಬೇಡ’ ಅಂದಳು. ಒಗ್ಗರಣೆ ಇಲ್ಲದೆ ಪಾತ್ರೆ ಇಳಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ದೋಸೆ ಕಾವಲಿ ಮೇಲೆ ಬ್ರೆಡ್ ಸುಟ್ಟು, ನಂದಿನಿ ಬೆಣ್ಣೆ ಸವರಿ, ಮೇಲೆ ಕಾಳು ಸುರಿದು ಕೊಟ್ಟೆವು. ಅವನು ತಟ್ಟೆ ತೊಡೆ ಮೇಲಿಟ್ಟುಕೊಂಡು ಮಾತಾಡದೆ ಎರಡು ಹೋಳೂ ಮುಗಿಸಿದ. ಆಮೇಲೆ ಹೆಂಡತಿ ಕಡೆ ನೋಡಿ, ‘ಸ್ವಲ್ಪ ಸಿಹಿ ಜಾಸ್ತಿ. ಅಮೆರಿಕದವರ ಕೈ’ ಅಂದ. ಬೆಲ್ಲ ಹಾಕಿದ್ದು ನಾನು. ಬಾಯಿ ಬಿಡಲಿಲ್ಲ.

ನನಗೂ ಒಂದು ಜ್ವರ ನೆನಪಾಯಿತು. ಮದುವೆಯಾದ ವರ್ಷ ಮಲಗಿದ್ದಾಗ ಅತ್ತೆ ಪ್ರೀತಿಯಿಂದ ಜೋಳದ ನುಚ್ಚಿಗೆ ಮಜ್ಜಿಗೆ ಬೆರೆಸಿ ತಂದರು. ನನಗೆ ಬೇಕಿದ್ದದ್ದು ರಾಗಿ ಅಂಬಲಿ. ಗೋಡೆ ಕಡೆ ತಿರುಗಿ ಅತ್ತಿದ್ದೆ. ಇವತ್ತು ಜ್ವರ ಬಂದರೆ ನಾನೇ ನುಚ್ಚು ಮಜ್ಜಿಗೆ ಕೇಳುತ್ತೇನೆ, ಅದು ಬೇರೆ ಮಾತು.

ಹುಡುಗಿಗೆ ಮನೆ ನೆನಪಾದರೆ ಮೆಕರೋನಿ ಮತ್ತು ಚೀಸ್. ಅವಳು ಚಿಕ್ಕವಳಿದ್ದಾಗ ಅದು ಡಬ್ಬದಲ್ಲಿ ಬರುತ್ತಿತ್ತಂತೆ. ಕ್ರಾಫ್ಟ್ ಕಂಪನಿ 1937ರಿಂದ ಮಾರುತ್ತಿರುವ ಡಬ್ಬ. ಇಲ್ಲಿ ಹಾಲು, ಮೈದಾ, ಚೀಸ್ ಕಾಯಿಸಿ ತಾನೇ ಮಾಡುತ್ತಿದ್ದಳು. ಮೊದಲ ಸಲ ತಿಂದಾಗ ಸಕ್ಕರೆ ಬದಲು ಉಪ್ಪು ಬಿದ್ದ ಶಾವಿಗೆ ಪಾಯಸ ಅನ್ನಿಸಿತು. ಎರಡನೇ ಸಲ ಪರವಾಗಿಲ್ಲ. ‘ಇದು ನಮ್ಮದು’ ಅಂತ ಗಂಡ ಕೆಣಕಿದ. ಇಂಗ್ಲೆಂಡಿನಲ್ಲಿ 1769ರಲ್ಲೇ ಅಚ್ಚಾದ ಅಡುಗೆ ಪುಸ್ತಕದಲ್ಲಿ ಮೆಕರೋನಿ, ಚೀಸ್ ಇದೆಯಂತೆ. ಚೆಡ್ಡರ್ ಚೀಸಿಗೆ ಹೆಸರು ಬಂದದ್ದಂತೂ ಇಂಗ್ಲೆಂಡಿನ ಸಾಮರ್‌ಸೆಟ್‌ನ ಒಂದು ಹಳ್ಳಿಯಿಂದ. ಅವಳು ಬಿಡುತ್ತಾಳಾ? ‘ನಿನ್ನ ಬೀನ್ಸ್ ಡಬ್ಬಿ ನಮ್ಮ ಪಿಟ್ಸ್‌ಬರ್ಗ್‌ನ ಹೈಂಜ್ ಕಂಪನಿದು. ಆ ಕಂಪನಿಯ ಸಾಮಾನು 1886ರಲ್ಲಿ ಲಂಡನ್ನಿನ ಅಂಗಡಿಗೆ ಕಾಲಿಟ್ಟಿದ್ದು’ ಅಂದಳು. ಮಗನಿಗೆ ಹೇಳಿ ಹುಡುಕಿಸಿದೆ. ಎರಡೂ ನಿಜ. ಜ್ವರದಲ್ಲಿ ಅವನು ಕೇಳಿದ್ದು ಹೆಂಡತಿ ದೇಶದ ಕಂಪನಿಯ ತಿಂಡಿ, ಅವಳು ಅಳುತ್ತಾ ತಿನ್ನುವುದು ಗಂಡನ ದೇಶದ ಚೀಸು!

ಇನ್ನು ಸಪ್ಪೆ ವಿಷಯ. ಇಂಗ್ಲೆಂಡಿನಲ್ಲಿ 1940ರಿಂದ 1954ರವರೆಗೆ ರೇಷನ್ ಇತ್ತು. ಬೆಣ್ಣೆ, ಸಕ್ಕರೆ, ಮಾಂಸ ಎಲ್ಲ ಅಳತೆ. ಆ ಹುಡುಗನ ಅಜ್ಜಿ ಅಡುಗೆ ಕಲಿತದ್ದು ಆ ಕಾಲದಲ್ಲಿ, ಅವನು ತಿಂದು ಬೆಳೆದದ್ದು ಅಜ್ಜಿ ಕೈ ಅಡುಗೆ. ನಿಮ್ಮ ಬರಹಗಾರರಿಗೆ ಇದನ್ನೂ ಒಂದು ಸಾಲು ಸೇರಿಸಬಹುದಿತ್ತು, ಅಲ್ವಾ?

ಮಾರ್ಚ್‌ನಲ್ಲಿ ಅವರು ಊರಿಗೆ ಹೊರಟರು. ಹಿಂದಿನ ರಾತ್ರಿ ಹುಡುಗಿ ಮೆಕರೋನಿ ಮಾಡಿ ಕೆಳಗೆ ತಂದಳು. ತಿನ್ನುತ್ತಾ ನಾನೂ ಒಂದು ಗುಟ್ಟು ಹೇಳಿದೆ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಮಧ್ಯಾಹ್ನ ಕೇರ್ ಸಂಸ್ಥೆಯ ಉಪ್ಪಿಟ್ಟು ಕೊಡುತ್ತಿದ್ದರು. ಅಮೆರಿಕದಿಂದ ಬಂದ ರವೆ, ಎಣ್ಣೆ. ಮೂಟೆ ಮೇಲೆ ಎರಡು ಕೈ ಕುಲುಕುವ ಚಿತ್ರ. ತಟ್ಟೆ ಮರೆತ ದಿನ ಸ್ಲೇಟು ತೊಳೆದು ಅದರ ಮೇಲೇ ಹಾಕಿಸಿಕೊಂಡಿದ್ದೆ. ಅವಳಿಗೆ ಇದು ಗೊತ್ತೇ ಇರಲಿಲ್ಲ. ಕಣ್ಣರಳಿಸಿ, ‘ಹೇಗಿರುತ್ತಿತ್ತು ಆಂಟಿ?’ ಅಂದಳು.

ಸಪ್ಪೆ ಅಂದೆ. ಈಗ ಸಿಕ್ಕಿದರೆ ಎರಡು ಸಲ ಹಾಕಿಸಿಕೊಳ್ಳುತ್ತೇನೆ ಅಂತಲೂ ಹೇಳಿದೆ.

ಇಂತಿ,
ಗೋಕುಲಂನ ಒಬ್ಬ ಓದುಗಿ, ಮೈಸೂರು