ಗೆರೆ ಎಳೆಯುವ ಕೆಲಸ

ಮೈಸೂರು, ಭಾನುವಾರ

ಚಿನ್ನು,

ಫೋನಿನಲ್ಲಿ ಹೇಳಲು ಹೋದರೆ ನೀನು "ಹೂಂ ದೊಡ್ಡಮ್ಮ, ಹೂಂ" ಅಂತ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. "ನಮ್ಮನೆಯವರ ರಾಗ ಹಾಕುವ ಕೆಲಸವೇ ಬೆಟ್ಟದಷ್ಟಿದೆ, ನನ್ನ ಹಾಡಿನ ಬರವಣಿಗೆ ಸದ್ಯಕ್ಕೆ ಬದಿಗಿರಲಿ" ಅಂತ ಮೆಸೇಜ್ ಹಾಕಿದ್ದೀಯಲ್ಲ, ಆ "ಸದ್ಯಕ್ಕೆ" ನನಗೆ ಚೆನ್ನಾಗಿ ಗೊತ್ತು.

ಹತ್ತನೇ ಕ್ಲಾಸಿನ ರಜೆಯಲ್ಲಿ ನಮ್ಮನೆಯಲ್ಲಿ ಕೂತು 'ಸಲ್ಯೂ ದಾಮೂರ್' ಅನ್ನೋ ಪಾಶ್ಚಾತ್ಯ ಸಂಗೀತದ ತುಣುಕನ್ನು ನುಡಿಸಿ ನುಡಿಸಿ ದೊಡ್ಡಪ್ಪನ ಮಧ್ಯಾಹ್ನದ ನಿದ್ದೆ ಕೆಡಿಸಿದ್ದೆ, ನೆನಪಿದೆಯಾ? ಇಂಗ್ಲೆಂಡಿನ ಸಂಗೀತ ರಚನೆಕಾರ ಎಡ್ವರ್ಡ್ ಎಲ್ಗರ್ ಅದನ್ನು 1888ರಲ್ಲಿ ಬರೆದದ್ದು ತಾನು ಮದುವೆಯಾಗಲಿದ್ದ ಆಲಿಸ್‌ಗೋಸ್ಕರ. ನಿಶ್ಚಿತಾರ್ಥದ ಉಡುಗೊರೆ. ಆಕೆ ಆತನಿಗೆ ಕೊಟ್ಟದ್ದು ಒಂದು ಕವಿತೆ. ಆತ ಅದಕ್ಕೂ ರಾಗ ಹಾಕಿದ.

ಆಲಿಸ್ ಹುಟ್ಟಿದ್ದು ಗುಜರಾತಿನ ಭುಜ್‌ನಲ್ಲಿ, 1848ರಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ದೊಡ್ಡ ಅಧಿಕಾರಿ. ಬ್ರಸೆಲ್ಸ್‌ನಲ್ಲಿ ಪಿಯಾನೋ ಕಲಿತವಳು. ಎಲ್ಗರ್ ಪರಿಚಯವಾಗುವ ಮೊದಲೇ ಆಕೆಯ ಒಂದು ಕಾವ್ಯ, ಒಂದು ಕಾದಂಬರಿ ಅಚ್ಚಾಗಿದ್ದವು. ಬೇರೆಯವರಿಗೆ ಪಕ್ಕವಾದ್ಯ ನುಡಿಸೋದನ್ನು ಕಲಿಯಲು 1886ರಲ್ಲಿ ಆತನ ಹತ್ತಿರ ಪಾಠಕ್ಕೆ ಹೋದಳು. ಆತನೋ ಊಸ್ಟರ್ ಊರಿನ ಸಂಗೀತದ ಅಂಗಡಿಯವರ ಮಗ, ಆಕೆಗಿಂತ 8 ವರ್ಷ ಚಿಕ್ಕವನು, ಸಾಲದ್ದಕ್ಕೆ ಕ್ಯಾಥೊಲಿಕ್. ನೆಂಟರು ಮುಖ ತಿರುಗಿಸಿದರು. 1889ರ ಮೇ ತಿಂಗಳಲ್ಲಿ ಮದುವೆ ಆಗಿಯೇ ಬಿಟ್ಟಿತು. ಆಕೆಗೆ ಆಗ 40. (ನಮ್ಮ ಬೀದಿಯಾಗಿದ್ದರೆ ಆರು ತಿಂಗಳಿಗೆ ಸಾಕಾಗುವಷ್ಟು ಮಾತು ಸಿಗುತ್ತಿತ್ತು.)

ಆಮೇಲಿನದೇ ನನ್ನ ತಲೆ ಕೊರೆಯೋದು. ಸ್ವರ ಬರೆಯುವ ಅಚ್ಚಿನ ಹಾಳೆ ತುಟ್ಟಿ ಅಂತ ಆಕೆ ಖಾಲಿ ಹಾಳೆಗೆ ತಾನೇ ಒಂದೊಂದು ಸಾಲು ಸ್ವರಕ್ಕೆ ಐದೈದು ಗೆರೆ ಎಳೆದು ಕೊಡುತ್ತಿದ್ದಳು. ವಾದ್ಯವೃಂದದ ಒಂದು ಪುಟಕ್ಕೆ 20 ಸಾಲು ಅಂದರೂ 100 ಗೆರೆ. ಲೆಕ್ಕ ಹಾಕು.

1898ರ ಅಕ್ಟೋಬರಿನ ಒಂದು ಸಂಜೆ ಎಲ್ಗರ್ ಪಾಠ ಹೇಳಿ ಸುಸ್ತಾಗಿ ಬಂದ. ಊಟ ಮಾಡಿ, ಸಿಗಾರ್ ಹಚ್ಚಿ, ಪಿಯಾನೋ ಮೇಲೆ ಸುಮ್ನೆ ಬೆರಳಾಡಿಸುತ್ತಿದ್ದ. ಒಂದು ಕಡೆ ಆಲಿಸ್ ತಡೆದು, ಇದು ಚೆನ್ನಾಗಿದೆಯಲ್ಲ ಅಂದಳು. ಅದೇ ಬೆಳೆದು, ಒಂದೇ ಧಾಟಿಯನ್ನು ಬೇರೆ ಬೇರೆ ರೀತಿ ಬದಲಿಸಿ ವಾದ್ಯವೃಂದ ನುಡಿಸುವ 'ಎನಿಗ್ಮಾ ವೇರಿಯೇಷನ್ಸ್' ಆಯಿತು. ಅದರ ಮೊದಲ ವೇರಿಯೇಷನ್‌ಗೆ ಆಕೆಯ ಮೂರು ಇನಿಷಿಯಲ್‌ಗಳೇ ಹೆಸರು. ಮನೆಗೆ ಬಂದಾಗ ಆತ ಹಾಕುತ್ತಿದ್ದ ಸಿಳ್ಳೆಯೂ ಅದರಲ್ಲಿದೆ.

ಹಾಗಾಗಿ ಗೆರೆ ಎಳೆಯೋದು ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಪ್ರತಿಭಾವಂತನೊಬ್ಬನನ್ನು ನೋಡಿಕೊಳ್ಳೋದು ಯಾವ ಹೆಂಗಸಿಗಾದರೂ ಜೀವಮಾನಕ್ಕೆ ಸಾಕಾಗುವಷ್ಟು ಕೆಲಸ ಅಂತ ಆಕೆ ಡೈರಿಯಲ್ಲಿ ಬರೆದಿಟ್ಟಳು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಆಕೆ ಬರೆದಾಗ ಆತನಿಗೂ ಲಾಭವೇ ಆಯಿತಲ್ಲ! ಇಬ್ಬರೂ ರಜೆಗೆ ಬವೇರಿಯಾದ ಗಾರ್ಮಿಶ್ ಕಡೆ ಹೋಗುತ್ತಿದ್ದರು. ಅಲ್ಲಿನ ಜನಪದ ಹಾಡುಗಳ ಧಾಟಿ ಹಿಡಿದು ಆಕೆ 6 ಹಾಡು ಕಟ್ಟಿದಳು. 1895ರಲ್ಲಿ ಆತ ಅವನ್ನು ಕೋರಸ್‌ಗೆ ಕೂರಿಸಿದ. ಆತನ 1899ರ ಹಾಡುಗಳ ಗುಚ್ಛ 'ಸೀ ಪಿಕ್ಚರ್ಸ್' ನಲ್ಲಿರುವ 5 ಹಾಡುಗಳಲ್ಲಿ ಎರಡನೆಯದರ ಸಾಹಿತ್ಯ ಆಕೆಯದೇ. ಪಕ್ಕದಲ್ಲಿರೋದು ಹೆಸರಾಂತ ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್! ಐದರಲ್ಲಿ ತೀರಾ ಚಿಕ್ಕದು ಆಲಿಸ್‌ದು. ನನಗೆ ಅದೇ ಜಾಸ್ತಿ ಇಷ್ಟ.

ಇನ್ನು ನನ್ನ ಕಥೆ. ದೊಡ್ಡಪ್ಪ ಭಾವಗೀತೆಗಳಿಗೆ ರಾಗ ಹಾಕುತ್ತಿದ್ದಾಗ ಹಾರ್ಮೋನಿಯಂ ನನ್ನದು. ಸಾಲು ತಾಳಕ್ಕೆ ಕೂರದಿದ್ದರೆ ಒಗ್ಗರಣೆ ಹಾಕುತ್ತಾ ಪದ ಬದಲಿಸಿ ಕೊಟ್ಟವಳೂ ನಾನೇ. ಕ್ಯಾಸೆಟ್ ಬಂತು. 12 ಹಾಡಿನಲ್ಲಿ 4 ಪೂರ್ತಿ ನಾನು ಬರೆದವು. ಕವರ್ ಮೇಲೆ ನನ್ನ ಹೆಸರೇ ಇಲ್ಲ. ಕೇಳಿದ್ದಕ್ಕೆ ಕ್ಯಾಸೆಟ್‌ನವರು "ಮನೆಯವರದೇ ಇದೆಯಲ್ಲಮ್ಮ" ಅಂತ ನಕ್ಕರು. ದೊಡ್ಡಪ್ಪ ಎರಡು ದಿನ ಬೇಜಾರು ಮಾಡಿಕೊಂಡರು, ಮತ್ತೆ ರೆಕಾರ್ಡಿಂಗಿಗೆ ಹೊರಟರು. ನಾನೂ ಸುಮ್ಮನಾದೆ. ಆಮೇಲೆ ಆ ನೋಟ್‌ಬುಕ್ಕಿನಲ್ಲಿ ಬರೆದದ್ದು ಹಾಲಿನ ಲೆಕ್ಕ.

ಅದಕ್ಕೇ ಹೇಳೋದು. ಹಾಡು ಕೈಗೆ ಕೊಡುವ ಮೊದಲೇ "ನನ್ನ ಹೆಸರು ಎಲ್ಲಿ ಹಾಕ್ತೀರಿ?" ಅಂತ ಕೇಳು. ಮುಜುಗರ ಐದು ನಿಮಿಷ ಇರುತ್ತೆ, ಅಷ್ಟೇ. ಬೆಳಗ್ಗೆ ಒಂದು ಗಂಟೆ ಬಾಗಿಲು ಹಾಕಿಕೊಂಡು ಬರಿ. ಹಾಲು ಉಕ್ಕಿದರೆ ಅಳಿಯಂದಿರು ಏಳಲಿ. ಅವರ ರಾಗ ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನು. ನೀನು ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಾ ಹೋದರೆ ಅವರಿಗೂ ನಷ್ಟ ಅಲ್ವಾ?

ಆಲಿಸ್ 1920ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಎಲ್ಗರ್ ಮತ್ತೆ ಸುಮಾರು 14 ವರ್ಷ ಇದ್ದ. ಕೊನೆಗೆ ಒಂದು ಸಿಂಫನಿಗೆ, ಅಂದರೆ ವಾದ್ಯವೃಂದದ ದೊಡ್ಡ ರಚನೆಗೆ ಕೈಹಾಕಿದ, ಮುಗಿಸಲಿಲ್ಲ.

ಈ ಕಾಗದವನ್ನು ಅಳಿಯಂದಿರಿಗೂ ಓದಲು ಕೊಡು, ಮುಚ್ಚಿಡಬೇಡ. ನಿನ್ನ ಮಳೆ ಹಾಡಿನ ಎರಡನೇ ಚರಣ ಏನಾಯಿತು? ದಸರಾಕ್ಕೆ ಬರುವಾಗ ತಗೊಂಡು ಬಾ. ಹಾರ್ಮೋನಿಯಂನ ತಿದಿ ಹರಿದಿತ್ತು, ರಿಪೇರಿಗೆ ಕೊಟ್ಟಿದ್ದೇನೆ.

ನಿನ್ನ
ದೊಡ್ಡಮ್ಮ